ಅಂಗಿಯೊಳಗೆ ಕಚ್ಚಿದ ಕಮರ್‌ಕಟ್

ಅಕ್ಕನ ಮಗಳಿಗೆ ಹೊಟ್ಟೆನೋವು ನಟಿಸುವುದನ್ನು ಕಲಿಸಿದ ಮಹಾಗುರು ನಾನೇ. ಕಣ್ಣು ಅರ್ಧ ಮುಚ್ಚಿ, ಕೆಳತುಟಿ ನಡುಗಿಸಿ, ಎಡಗೈಯಲ್ಲಿ ಹೊಕ್ಕುಳು ಹಿಡಿಯಬೇಕು. ಏಳು ವರ್ಷದ ಹುಡುಗಿ ಒಂದೇ ಪಾಠಕ್ಕೆ ನನ್ನನ್ನು ಮೀರಿಸಿದಳು. ಹಾಗಾಗಿ ನಿಜವಾದ ನೋವು ಬಂದಾಗ ಗುಬ್ಬಿ ಊರಿನ ನಮ್ಮ ಮನೆಯಲ್ಲಿ ಯಾರೂ ನಂಬಲಿಲ್ಲ.

"ಏಳೇ, ನಿಮ್ಮಾವನ್ ನಾಟ್ಕ ಇಲ್ ನಡಿಯಲ್ಲ," ಎಂದಳು ಅಕ್ಕ.

ಹುಡುಗಿ ತನ್ನ ಹುಟ್ಟುಹಬ್ಬದ ಕೇಕನ್ನೇ ಪಕ್ಕಕ್ಕೆ ತಳ್ಳಿದಾಗ ನನಗೆ ಗಾಬರಿಯಾಯಿತು. ಆ ಪಾಠ ನಾನು ಮಾಡಿರಲಿಲ್ಲ.

ತುಮಕೂರಿಗೆ ಕರೆತಂದೆವು. ಅಲ್ಲಿನ ಬಟವಾಡಿ ಬಡಾವಣೆಯ ಡಾಕ್ಟರಮ್ಮ ಗಂಟಲಿನಿಂದ ಸಣ್ಣ ಕೊಳವೆ ಇಳಿಸಿ ನೋಡಿ, ಜಠರದಲ್ಲಿ ಹುಣ್ಣಿದೆ, ಬ್ಯಾಕ್ಟೀರಿಯಾದ ಕೆಲಸ ಎಂದರು. ಒಂದೇ ಬ್ಯಾಕ್ಟೀರಿಯಾದಲ್ಲೂ ಹಲವು ತಳಿಗಳಂತೆ. ಕೆಲವು ತಳಿಗಳ ಜೀನ್‌ಗಳು ಹುಣ್ಣು ಮಾಡುವುದರಲ್ಲಿ ಬಲು ಚುರುಕಂತೆ. ಮನೆಯವರಲ್ಲಿ ಯಾರ ಹೊಟ್ಟೆಯಲ್ಲಿ ಇದೇ ತಳಿ ಇದೆಯೆಂಬುದು ಅವರ ಸಂಶೋಧನೆಗೆ ಬೇಕಿತ್ತು. ಎಲ್ಲರ ಕೈಗೂ ಮಲದ ಪರೀಕ್ಷೆಗೆ ಒಂದೊಂದು ಡಬ್ಬಿ ಬಂತು.

"ಥೂ, ಇದುನ್ನ ಡಾಕ್ಟ್ರಮ್ಮುನ್ ಕೈಗ್ ಹೆಂಗ್ಲಾ ಕೊಡದು?" ಎಂದಳು ಕುಣಿಗಲ್ ಕಡೆಯಿಂದ ಬಂದಿದ್ದ ಅಜ್ಜಿ.

"ಆರತಿ ತಟ್ಟೇಲಿಟ್ ಕೊಡಜ್ಜಿ."

"ನಿನ್ ಬಾಯಿಗ್ ಬೀಗ ಹಾಕ!"

ಮಗು ಸಣ್ಣದಿದ್ದಾಗ ಅಜ್ಜಿ ತುತ್ತನ್ನು ತಾನೇ ಅಗಿದು ತಿನ್ನಿಸಿದ್ದವಳು. ಎಂಜಲಿನಿಂದ ರೋಗ ದಾಟಿಸಿದ ಅಪರಾಧಿ ಅವಳೇ ಎಂದು ತೀರ್ಪು ಕೊಟ್ಟು, ಅವಳದೇ ದನಿಯಲ್ಲಿ ತಪ್ಪೊಪ್ಪಿಗೆಯನ್ನೂ ಅಭಿನಯಿಸಿ ತೋರಿಸಿದೆ.

ವರದಿ ಬಂತು. ಮಗುವಿನ ತಳಿ ಸಿಕ್ಕಿದ್ದು ನನ್ನಲ್ಲಿ ಮಾತ್ರ.

"ಯಾರಿಂದ ಯಾರಿಗ್ ಬಂತು ಅಂತ ಇದ್ರಲ್ಲಿ ಗೊತ್ತಾಗಲ್ಲ," ಎಂದರು ಡಾಕ್ಟರಮ್ಮ. "ಎಂಜಲು ಹಂಚ್ಕೊಂಡ್ ತಿಂತೀರಾ?"

"ಛೇ, ಇಲ್ಲ ಮೇಡಂ. ಬರೀ ಕಾಗೆ ಎಂಜಲು," ಎಂದೆ ಘನತೆಯಿಂದ. ಕಮರ್‌ಕಟ್ ಮಿಠಾಯಿಯನ್ನು ಅಂಗಿಯ ತುದಿಯಲ್ಲಿ ಸುತ್ತಿ, ಬಟ್ಟೆಯ ಮೇಲಿಂದ ಹಲ್ಲಲ್ಲಿ ಕಡಿದು ಹಂಚಿಕೊಂಡರೆ ಅದು ಎಂಜಲಲ್ಲ. ನಮ್ಮ ಕಡೆ ಮಕ್ಕಳೆಲ್ಲ ಒಪ್ಪಿದ ಕಾನೂನು. ವಯಸ್ಸು ಇಪ್ಪತ್ತನಾಲ್ಕು ದಾಟಿದರೂ ನಾನು ಅದನ್ನು ಮುರಿದವನಲ್ಲ.

ಅವರು ನನ್ನ ಅಂಗಿಯನ್ನೇ ನೋಡಿದರು. "ಇದುನ್ನ ಒಗ್ದಿದ್ ಯಾವಾಗ?"

"ಯುಗಾದೀಲಿ ಕಣವ್ವ!" ಅಜ್ಜಿ ಕುರ್ಚಿ ಹಿಡಿದುಕೊಂಡು ನಕ್ಕಳು.

ನನಗೂ ಮಗುವಿಗೂ ಮಾತ್ರೆಗಳು ಶುರುವಾದವು. ಕೋರ್ಸ್ ಮುಗಿಯುವ ಹೊತ್ತಿಗೆ ಒಂದು ಬೆಳಗ್ಗೆ ಅವಳು, "ಅಮ್ಮ, ಇನ್ನೊಂದ್ ರೊಟ್ಟಿ," ಎಂದಳು. ನಂಬದೇ ಹೋದದ್ದಕ್ಕೆ ಅಕ್ಕ ಕ್ಷಮೆ ಕೇಳಲಿಲ್ಲ. ನಮ್ಮ ಮನೆಯಲ್ಲಿ ಆ ರೂಢಿ ಇಲ್ಲ. ಕಾವಲಿ ತುಂಬುವಷ್ಟು ದೊಡ್ಡ ರೊಟ್ಟಿ ತಟ್ಟಿದಳು.

"ನಂಗೂ ಒಂದು," ಎಂದೆ.

"ನೀನೇ ತಟ್ಕೋ ಹೋಗ್ಲಾ."