ಗೋಡೆಗೆ ಮುಖ ಮಾಡಿ ನಿಂತವಳು

ದೆವ್ವದ ಸಂಗತಿ ಹೇಳುವವರೆಲ್ಲ ಮೊದಲು ಆಣೆ ಹಾಕುತ್ತಾರೆ. ನಾನು ಹಾಕುವುದಿಲ್ಲ. ನಂಬುವವರು ನಂಬಿ, ಬಿಡುವವರು ಬಿಡಿ. ಇದು ನಡೆಯಲೇ ಇಲ್ಲ, ಎಲ್ಲ ನಿನ್ನ ಭ್ರಮೆ ಎಂದು ಯಾರಾದರೂ ತೋರಿಸಿಕೊಟ್ಟರೆ ಅವರಿಗೆ ಕೈಮುಗಿಯುತ್ತೇನೆ. ಇಷ್ಟು ವರ್ಷದಲ್ಲಿ ಅಂಥವರೊಬ್ಬರೂ ಸಿಕ್ಕಿಲ್ಲ.

ನಾವು ತಮಿಳುನಾಡಿನ ತೇನಿ ಸೀಮೆಯ ಕನ್ನಡದವರು. ಯಾವ ಕಾಲದಲ್ಲಿ ಬಂದು ನೆಲೆಸಿದೆವೋ, ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಕನ್ನಡ ಅಕ್ಷರ ನಾನು ಕಲಿತದ್ದು ಮೂವತ್ತು ದಾಟಿದ ಮೇಲೆ, ಹಟಕ್ಕೆ ಬಿದ್ದು. ಹುಟ್ಟಿದ್ದು ಆಂಡಿಪಟ್ಟಿಯಲ್ಲಿ, ಕೊಟ್ಟದ್ದು ಓಡೈಪಟ್ಟಿಗೆ. ನಾನು ಹೇಳುತ್ತಿರುವುದು ತೊಂಬತ್ತೆಂಟೋ ತೊಂಬತ್ತೊಂಬತ್ತೋ, ನನ್ನ ಮದುವೆಯಾಗಿ ಎರಡನೆಯ ವರ್ಷದ ಮಾತು.

ಗಂಡನ ಮನೆ ಊರಾಚೆ, ದ್ರಾಕ್ಷಿ ತೋಟದ ನಡುವೆ. ಸುತ್ತ ಚಪ್ಪರದ ಕಲ್ಲುಕಂಬಗಳು, ಬಳ್ಳಿಗೆ ಹೊಡೆದ ಮೈಲುತುತ್ತದ ವಾಸನೆ, ರಾತ್ರಿ ಕರೆಂಟ್ ಬಂದರೆ ದೂರದಲ್ಲಿ ಮೋಟರಿನ ಗುಂಯ್ ಸದ್ದು. ನಮ್ಮವರಿಗೆ ಒಂದು ಸಣ್ಣ ಲಾರಿ ಇತ್ತು. ಸಂಜೆ ದ್ರಾಕ್ಷಿ ತುಂಬಿಕೊಂಡು ಹೋದರೆ ವಾರದಲ್ಲಿ ನಾಲ್ಕು ರಾತ್ರಿ ಮನೆಗಿಲ್ಲ. ಮಾವ ಹೊರಗೆ ಜಗಲಿಯ ಮೇಲೆ ಮಲಗುತ್ತಿದ್ದರು, ಒಳಗೆ ನಾನು ಮತ್ತು ಅತ್ತೆ. ಅತ್ತೆ ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಹನ್ನೊಂದು ಜನರ ಮನೆಯಲ್ಲಿ ಜಗಳವಾಡಿಕೊಂಡು ಬೆಳೆದವಳು ನಾನು. ಬಾಯಿಗೆ ಬೀಗ ಹಾಕಿದಂತಾಗಿ, ಒಮ್ಮೊಮ್ಮೆ ಹಿತ್ತಲಿಗೆ ಹೋಗಿ ಎಮ್ಮೆಯ ಹತ್ತಿರ ಮಾತಾಡಿ ಬರುತ್ತಿದ್ದೆ. ಅಷ್ಟು ಒಂಟಿತನ.

ಹೀಗಿರುವಾಗ ಒಮ್ಮೆ ಮದರಾಸಿಗೆ ಲೋಡ್ ಹೋದ ನಮ್ಮವರು ಟಿವಿಗೆ ಹಾಕಿ ಆಡುವ ವಿಡಿಯೋ ಗೇಮ್ ಯಂತ್ರವೊಂದನ್ನು ತಂದರು. ಜೊತೆಗೆ ನಾಲ್ಕು ಸಿಡಿ. ಅದರಲ್ಲಿ ಒಂದು ಜಪಾನಿನ ದೆವ್ವದ ಆಟ. ಅಕ್ಷರ, ಮಾತು ಎಲ್ಲ ಅವರ ಭಾಷೆಯದೇ. ಪಾಳುಬಿದ್ದ ಆಸ್ಪತ್ರೆ, ಕೈಯಲ್ಲಿ ಟಾರ್ಚ್ ಹಿಡಿದ ಒಬ್ಬ ಗಂಡಸು, ಉದ್ದನೆಯ ಓಣಿಗಳು. ಮೂರನೆಯ ಮಹಡಿಯ ಕೊನೆಯ ಕೋಣೆಯಲ್ಲಿ ಬಿಳಿ ಬಟ್ಟೆ ಉಟ್ಟ ಹೆಂಗಸೊಬ್ಬಳು ಗೋಡೆಗೆ ಮುಖ ಮಾಡಿ ನಿಂತಿರುತ್ತಾಳೆ. ಯಾವ ಮೂಲೆಯಿಂದ ಸುತ್ತಿ ಬಂದರೂ ಕಾಣುವುದು ಬೆನ್ನು ಮಾತ್ರ. ಹತ್ತಿರ ಹೋದರೆ ಉಸಿರಾಟ ಕೇಳುತ್ತದೆ... ಹಾಂ... ಹಾಂ... ಗುಂಡಿ ಒತ್ತಿದರೆ ಒಂದು ಸಾಲು ಜಪಾನಿ ಅಕ್ಷರ ಬರುತ್ತದೆ. ಅಷ್ಟೇ.

ಅವಳು ಯಾರು ಎನ್ನುವುದೇ ನಮ್ಮವರ ಮತ್ತು ಅವರ ಗೆಳೆಯರ ಭಾನುವಾರದ ಜಗಳ. ಓದಲು ಬರದಿದ್ದರೆ ಊಹೆಗೇನು ಬರ? ನಮ್ಮವರ ಪ್ರಕಾರ ಅವಳು ಆ ಟಾರ್ಚಿನವನ ಹೆಂಡತಿ, ಅವನೇ ಕೊಂದು ಮರೆತಿದ್ದಾನೆ. ಕಂಬಂನಲ್ಲಿ ಸಿಡಿ ಅಂಗಡಿ ಇಟ್ಟಿದ್ದ ಮುರುಗೇಸ ಬೇರೆ ಹೇಳುತ್ತಿದ್ದ.

“ಅದು ಹೆಂಗ್ಸೇ ಅಲ್ಲಪ್ಪ. ಅದು ಅವ್ನೇ. ಅವ್ನು ಎಂದೋ ಸತ್ತವ್ನೆ, ಅವನ ಪೇಯಿ, ದೆವ್ವ ಕಣಪ್ಪ, ಅಲ್ಲಿ ನಿಂತೈತೆ. ನಾ ಕಡೇಗಂಟ ಆಡಿವ್ನಿ, ನಂಗೊತ್ತು.”

“ಹೆಂಗ್ಸರ ಬಟ್ಟೆ ಯಾಕ್ ಉಟ್ಟೈತೆ ಹಂಗಾರೆ?” ಎಂದು ನಮ್ಮವರು ಕೇಳುತ್ತಿದ್ದರು.

ನಮ್ಮವರು ಇಲ್ಲದ ರಾತ್ರಿ ಆ ಯಂತ್ರ ನನ್ನ ಪಾಲಾಯಿತು. ಮಾವನಿಗೆ ಕೇಳದಂತೆ ಸದ್ದು ಕಡಿಮೆ ಮಾಡಿ ಆಡುತ್ತಿದ್ದೆ. ಒಂದು ರಾತ್ರಿ ತಿರುಗಿ ನೋಡಿದರೆ ಅತ್ತೆ ಬಂದು ನನ್ನ ಹಿಂದೆ ಕೂತಿದ್ದರು. ಬೈಯುತ್ತಾರೆ ಎಂದುಕೊಂಡೆ. ಅವರ ಕಣ್ಣು ಟಿವಿಯ ಮೇಲಿತ್ತು. ಗೋಡೆಗೆ ಮುಖ ಮಾಡಿದ ಆ ಹೆಂಗಸನ್ನೇ ನೋಡುತ್ತಿದ್ದರು.

ಮಾರನೆಯ ರಾತ್ರಿ ಊಟವಾದ ಮೇಲೆ ಅವರೇ ಕೇಳಿದರು. “ತಾಯೀ, ಅವಳ ತಾವಕ್ಕೆ ಹೋಗಾಣ್ವಾ?”

ಆಟವನ್ನು ನಿಲ್ಲಿಸಿದಲ್ಲಿಂದ ಮುಂದುವರಿಸಲು ಬೇರೊಂದು ಸಾಮಾನು ಬೇಕಿತ್ತು, ಅದು ನಮ್ಮ ಹತ್ತಿರ ಇರಲಿಲ್ಲ. ಹಾಗಾಗಿ ಪ್ರತಿ ರಾತ್ರಿ ಮೊದಲಿನಿಂದ ಶುರು. ಅವಳ ಕೋಣೆ ಮುಟ್ಟಲು ಒಂದು ಗಂಟೆ. ಅತ್ತೆ ಹೂ ಕಟ್ಟುತ್ತಲೋ ಹುಣಸೆ ಬಿಡಿಸುತ್ತಲೋ ಕಾಯುವರು. ಕೋಣೆ ಬಂದೊಡನೆ ಕೈಯ ಕೆಲಸ ನಿಲ್ಲುತ್ತಿತ್ತು. ನಿಜ ಹೇಳುತ್ತೇನೆ, ಆ ರಾತ್ರಿಗಳಲ್ಲಿ ನನಗೆ ಹೆದರಿಕೆ ಇರಲಿಲ್ಲ. ಮನೆಯಲ್ಲಿ ಯಾರಾದರೂ ನನ್ನ ಪಕ್ಕ ಕೂತರಲ್ಲ ಎಂಬ ಸಂತೋಷವೇ ಇತ್ತು.

“ಅವ್ಳು ಯಾರಿರಬೋದು ಅತ್ತೆ?” ಎಂದು ಒಂದು ದಿನ ಸುಮ್ಮನೆ ಕೇಳಿದೆ.

ಅತ್ತೆ ಜಗಲಿಯ ಕಡೆ ಒಮ್ಮೆ ನೋಡಿ, ಪಿಸುದನಿಯಲ್ಲಿ ಹೇಳಿದರು.

“ಅವ್ಳು ಪೇಯಿ ಅಲ್ಲ ತಾಯಿ. ಉಸ್ರು ಆಡಾಕಿಲ್ವಾ? ಬದುಕವ್ಳೆ. ಅವಳ ಮನೇರು ಅವಳ್ಗೆ ಎಳ್ಳುನೀರು ಬಿಟ್ಟವ್ರೆ. ಹೆಸರಿಡ್ದು ಕರೆಯೋರಿಲ್ಲ. ಕರೆಯೋರಿಲ್ದೆ ಹೆಂಗ್ ತಿರುಗ್ತಾಳೆ, ಪಾಪ?”

ಆಗ ನನಗೆ ಎಲ್ಲ ತಿಳಿಯಿತು. ನಮ್ಮವರಿಗೆ ಒಬ್ಬ ತಂಗಿ, ಸೆಲ್ವಿ. ನನ್ನ ಮದುವೆಗೆ ಮೊದಲೇ ಬೇರೆ ಜಾತಿಯ ನೇಯ್ಗೆಯವನ ಜೊತೆ ಹೋಗಿಬಿಟ್ಟಿದ್ದಳು. ಮಾವ ಬದುಕಿದ್ದ ಮಗಳಿಗೆ ಎಳ್ಳುನೀರು ಬಿಟ್ಟು, ಮನೆಮಂದಿಗೆಲ್ಲ ತಲೆಗೆ ನೀರು ಹಾಕಿಸಿದ್ದರು. ಫೋಟೋ ಒಂದೂ ಉಳಿದಿರಲಿಲ್ಲ. ಆ ಹೆಸರು ಯಾರ ಬಾಯಲ್ಲಿ ಬಂದರೂ ಅವರು ಈ ಮನೆ ಬಿಟ್ಟು ಹೋಗಬೇಕು, ಅದು ಹೆಂಡತಿಯಾದರೂ ಸರಿ, ಸೊಸೆಯಾದರೂ ಸರಿ ಎಂದಿದ್ದರಂತೆ. ಇದಿಷ್ಟು ನನಗೆ ತೋಟದ ಕೂಲಿಯ ಹೆಂಗಸರಿಂದ ಗೊತ್ತಿತ್ತು. ಅತ್ತೆಯ ಬಾಯಿಂದ ಎಂದೂ ಕೇಳಿರಲಿಲ್ಲ.

ಆಡಿ ತಿಂಗಳ, ಅಂದರೆ ಆಷಾಢದ, ಒಂದು ರಾತ್ರಿ. ನಮ್ಮ ಕಣಿವೆಯಲ್ಲಿ ಆಗ ಗಾಳಿ ಹುಚ್ಚು ಹಿಡಿದಂತೆ ಬೀಸುತ್ತದೆ. ಹೆಂಚು ಕಟಕಟ ಎನ್ನುತ್ತಿತ್ತು. ಉದುರಿ ಕೊಳೆತ ದ್ರಾಕ್ಷಿಯ ಹುಳಿವಾಸನೆ ಕಿಟಕಿಯಿಂದ ಒಳಗೆ ಬರುತ್ತಿತ್ತು. ನಾವು ಅವಳ ಕೋಣೆ ಮುಟ್ಟುವ ಹೊತ್ತಿಗೆ ಹೊರಗೆ ಗಾಳಿ ಒಮ್ಮೆಲೇ ನಿಂತಿತು. ಮೋಟರಿನ ಸದ್ದೂ ನಿಂತಿತು. ಟಿವಿ ಮಾತ್ರ ಉರಿಯುತ್ತಿತ್ತು.

ಹಾಂ... ಹಾಂ... ಉಸಿರಾಟ. ನಾನು ಸದ್ದನ್ನು ಜೋರು ಮಾಡಿರಲಿಲ್ಲ, ಆದರೂ ಅದು ಪಕ್ಕದಲ್ಲೇ ಕೇಳಿದಂತಿತ್ತು.

ಅತ್ತೆ ಮುಂದಕ್ಕೆ ಜರುಗಿದರು. ಕೈಯಲ್ಲಿದ್ದ ಹೂವು ನೆಲಕ್ಕೆ ಬಿತ್ತು.

“ಸೆಲ್ವೀ...”

ಪಿಸುದನಿಯಲ್ಲ. ಕೊಟ್ಟಿಗೆಯಲ್ಲಿ ಇರುವ ಮಗಳನ್ನು ಊಟಕ್ಕೆ ಕರೆದಂತೆ, ಗಂಟಲು ತೆರೆದು ಕರೆದರು.

ನಾನು ಯಾವ ಗುಂಡಿಯನ್ನೂ ಒತ್ತಿರಲಿಲ್ಲ. ಬಿಳಿ ಬಟ್ಟೆಯ ಹೆಂಗಸಿನ ಭುಜ ಅಲ್ಲಾಡಿತು. ಮೆಲ್ಲಗೆ, ಮಲಗಿದ್ದವರು ಏಳುವ ಹಾಗೆ, ಅವಳು ತಿರುಗಿದಳು... ಆಟದ ಬೊಂಬೆಗಳ ಮುಖ ಹೇಗಿರುತ್ತಿತ್ತು ಎಂದು ಆ ಕಾಲದಲ್ಲಿ ಆಡಿದವರಿಗೆ ಗೊತ್ತು. ಮೂಗಿಗೊಂದು ಗೀಟು, ಕಣ್ಣಿಗೊಂದು ಚುಕ್ಕೆ. ಇದು ಹಾಗಿರಲಿಲ್ಲ. ಅಗಲ ಹಣೆ, ಎಡಹುಬ್ಬಿನ ಮೇಲೊಂದು ಗಾಯದ ಗುರುತು, ಬೆವರಿಗೆ ಅಂಟಿದ ಕೂದಲು. ಅವಳು ಟಾರ್ಚಿನವನನ್ನು ನೋಡಲಿಲ್ಲ. ನಮ್ಮನ್ನು ನೋಡಿದಳು.

ಅತ್ತೆ ಇನ್ನೊಮ್ಮೆ ಕರೆಯಲು ಬಾಯಿ ತೆರೆದರು. ಅದೇ ಹೊತ್ತಿಗೆ ಜಗಲಿಯ ಮೇಲೆ ಮಾವ ಕೆಮ್ಮಿದ ಸದ್ದು, ಹಾಸಿಗೆಯಿಂದ ಎದ್ದ ಸದ್ದು.

ನಾನು ಏನು ಮಾಡಿದೆ ಗೊತ್ತೇ? ಹಾರಿ ಬಂದು ಅತ್ತೆಯ ಬಾಯಿಯನ್ನು ಮುಚ್ಚಿದೆ. ಒಂದು ಕೈಯಿಂದ ಬಾಯಿ, ಇನ್ನೊಂದು ಕೈಯಿಂದ ಅವರ ತಲೆ, ಗಟ್ಟಿಯಾಗಿ. ದೆವ್ವಕ್ಕೆ ಹೆದರಿ ಅಲ್ಲ. ಮಾವನಿಗೆ ಹೆದರಿ. ನನ್ನನ್ನು ಆಂಡಿಪಟ್ಟಿಗೆ ಅಟ್ಟಿಬಿಟ್ಟರೆ ಎಂದು ಹೆದರಿ. ಅತ್ತೆ ಕೊಸರಾಡಿದರು. ನಾನು ಬಿಡಲಿಲ್ಲ. ಪರದೆಯಲ್ಲಿ ಅವಳ ಬಾಯಿ ತೆರೆಯಿತು, ಕಣ್ಣು ಅಗಲವಾಯಿತು... ಕಾಲಿನಿಂದ ಸ್ವಿಚ್ಚನ್ನು ಒದ್ದೆ. ಟಿವಿ ಆರಿತು.

“ಏನ್ ಸದ್ದದು?” ಎಂದರು ಮಾವ ಹೊರಗಿನಿಂದ.

“ಬೆಕ್ಕು, ಮಾವ.”

ಆಮೇಲೆ ಎಷ್ಟೋ ರಾತ್ರಿ ಆಡಿದೆವು. ಅತ್ತೆ ಎಷ್ಟೋ ಸಲ ಮೆಲ್ಲಗೆ ಕರೆದರು. ಅವಳು ತಿರುಗಲಿಲ್ಲ. ಮುರುಗೇಸನನ್ನು ಕೇಳಿದರೆ ನಕ್ಕ. “ಅವ್ಳು ತಿರುಗಾದೇ ಇಲ್ಲಕ್ಕ. ಆ ಆಟ್ದಲ್ಲಿ ಅದಿಲ್ಲ.”

ಅತ್ತೆ ಸೊರಗುತ್ತ ಬಂದರು. ಕೊನೆಗೆ ಒಂದು ಬೆಳಿಗ್ಗೆ ನನ್ನ ಕೈ ಹಿಡಿದರು.

“ನನ್ ಮಗ್ಳು ಚಿನ್ನಾಳಪಟ್ಟಿಲಿ ಅವ್ಳಂತೆ. ಬಸ್ ನಿಲ್ಲೋ ತಾವ್ದ ಹಿಂದ್ಗಡೆ ಬೀದಿ. ನೀನೋಗಿ ಒಂದ್ಸಲ ನೋಡ್ಕಂಬಾ ತಾಯಿ. ನಾ ಕರ್ದೆ ಅಂತ ಹೇಳು. ಅಪ್ಪ ಇಲ್ದಾಗ ಒಂದ್ ಗಳಿಗೆ ಬಂದು ಮಖ ತೋರ್ಸಿ ಹೋಗ್ಲಿ. ಇನ್ನೇನೂ ಬ್ಯಾಡ ನಂಗೆ.”

ಸೀರೆ ತರುವ ನೆಪ ಹೇಳಿ ನಮ್ಮವರ ಲಾರಿಯಲ್ಲೇ ದಿಂಡಿಗಲ್ಲಿಗೆ ಹೋದೆ. ಅಲ್ಲಿಂದ ಬಸ್ಸು. ಬೀದಿಯ ಎರಡೂ ಕಡೆ ಮಗ್ಗದ ಲಟಕ್ ಲಟಕ್ ಸದ್ದು, ನೂಲಿಗೆ ಹಾಕುವ ಗಂಜಿಯ ವಾಸನೆ. ನಡುಹಗಲು. ಕೇಳಿಕೊಂಡು ಹೋಗಿ ಬಾಗಿಲು ತಟ್ಟಿದೆ.

ಬಾಗಿಲು ತೆರೆದವಳಿಗೆ ಅಗಲ ಹಣೆ. ಎಡಹುಬ್ಬಿನ ಮೇಲೆ ಗಾಯದ ಗುರುತು.

ನನಗಿಂತ ಮೊದಲು ಹಿಂದೆ ಸರಿದವಳು ಅವಳು. ಬೆನ್ನು ಗೋಡೆಗೆ ತಾಗುವತನಕ ಹಿಂದೆ ಹಿಂದೆ ಹೋದಳು.

“ಸೆಲ್ವಿ, ನಾನು ನಿಮ್ಮಣ್ಣನ ಹೆಂಡ್ತಿ. ನಿಂಗೆ ಅತ್ತಿಗೆ ಆಗ್ಬೇಕು. ಅವ್ವ ಕಳ್ಸವ್ರೆ.”

ಅವಳು ನನ್ನ ಮುಖದಿಂದ ಕಣ್ಣು ತೆಗೆಯಲಿಲ್ಲ.

“ಆಡಿ ತಿಂಗ್ಳಲ್ಲಿ ಒಂದಿನ... ರಾತ್ರಿ ಗೋಡೆ ಕಡೆ ಮಖ ಮಾಡ್ಕಂಡು ನೂಲು ಸುತ್ತಾ ಇದ್ದೆ. ಹಿಂದ್ಗಡೆ ಅವ್ವ ಕರ್ದಂಗಾತು. ತಿರುಗ್ದೆ. ನಮ್ಮನೇಲಿ ಹಿಂದ್ಗಡೆ ಗೋಡೇಲಿ ಕಿಟ್ಕಿ ಇಲ್ಲ. ಅವತ್ತಿತ್ತು. ನೀಲಿ ಬೆಳ್ಕು... ಒಳ್ಗೆ ಅವ್ವ ಕುಂತಿದ್ಲು. ನನ್ನ ಕರೆಯಾಕೆ ಬಾಯಿ ತೆರೆದ್ಲು. ಪಕ್ಕದಿಂದ ಒಂದು ಹೆಂಗ್ಸು ಬಂದು ಅವ್ವನ ಬಾಯಿ ಅಮುಕ್ತು. ಅವ್ವ ಒದ್ದಾಡ್ತಾ ಇದ್ಲು. ಆ ಹೆಂಗ್ಸು ನನ್ನೇ ನೋಡ್ತಾ ಇತ್ತು.” ಅವಳು ಉಸಿರೆಳೆದುಕೊಂಡಳು. “ಅವ್ವನ್ನ ಯಾವ್ದೋ ಪೇಯಿ ಹಿಡ್ದೈತೆ ಅಂತ ಅವತ್ತಿಂದ ನಾ ಕಣ್ಮುಚ್ಚಿಲ್ಲ. ಅದು ನೀನೇ.”

“ಇಲ್ಲ ಸೆಲ್ವಿ, ನಾ ಪೇಯಿ ಅಲ್ಲ. ಮುಟ್ಟಿ ನೋಡು ಬೇಕಾದ್ರೆ. ಅವ್ವ ನಿನ್ನ ನೋಡ್ಬೇಕು ಅಂತಾವ್ರೆ, ಊಟ ಬಿಟ್ಟವ್ರೆ, ನನ್ ಜೊತೆ ಬಾ...”

“ಹಂಗಾರೆ ನಿನ್ ಕೈ ನಮ್ಮವ್ವನ ಬಾಯ್ ಮ್ಯಾಲೆ ಯಾಕಿತ್ತು?”

ಏನು ಹೇಳಲಿ? ಇತ್ತು ತಾನೇ. ಸುಳ್ಳಾದರೂ ಹೇಳಬಹುದಿತ್ತು. ಜಗಳದಲ್ಲಿ ಇಡೀ ಬೀದಿಯ ಬಾಯಿ ಮುಚ್ಚಿಸುವ ನಾನು ಅಂದು ಆ ಹೊಸಿಲಲ್ಲಿ ಕಲ್ಲಾಗಿ ನಿಂತೆ.

ಅವಳು ಎರಡೂ ಕೈ ಜೋಡಿಸಿದಳು. “ನಿನ್ ಕಾಲಿಗ್ ಬೀಳ್ತೀನಿ. ನನ್ನ ಎಲ್ಲಿಗೂ ಕರೀಬ್ಯಾಡ. ನಮ್ಮವ್ವನ್ನ ಬಿಟ್ಬುಡು.” ಬಾಗಿಲು ಮುಚ್ಚಿತು. ಒಳಗಿನಿಂದ ಅಗುಳಿ ಬಿತ್ತು.

ವಾಪಸ್ಸು ಬಂದಾಗ ಅತ್ತೆ ಬಾಗಿಲಲ್ಲೇ ನಿಂತಿದ್ದರು. “ಬತ್ತೀನಿ ಅಂದ್ಲಾ?” ಎಂದರು. ಬರುತ್ತಾಳೆ ಎಂದೆ. ಆ ಸುಳ್ಳನ್ನು ಎರಡು ವರ್ಷ ಹೇಳಿದೆ. ಮೂರು ಕಾಗದ ಹಾಕಿದೆ. ಇನ್ನೂ ಒಮ್ಮೆ ಹೋಗಿ ನೋಡಿದೆ, ಮನೆಗೆ ಬೀಗವಿತ್ತು. ಊರು ಬಿಟ್ಟರು ಎಂದರು ಪಕ್ಕದವರು.

ಕೊನೆಯ ತಿಂಗಳುಗಳಲ್ಲಿ ಅತ್ತೆಗೆ ಲಕ್ವ ಹೊಡೆದು ಮಾತು ನಿಂತಿತು. ನಾನೇ ಗಂಜಿ ಕುಡಿಸುತ್ತಿದ್ದೆ. ಒಂದು ದಿನ ಸಂಜೆ, ಕಟವಾಯಿಯಲ್ಲಿ ಇಳಿದ ಗಂಜಿಯನ್ನು ಕೈಯಿಂದ ಒರೆಸುತ್ತಿದ್ದಾಗ ಅತ್ತೆಯ ಕಣ್ಣು ನನ್ನನ್ನು ದಾಟಿ ಎದುರು ಗೋಡೆಯ ಕಡೆ ಹೋಯಿತು. ಆ ಮುಖ ಅಷ್ಟು ಅರಳಿದ್ದನ್ನು ನಾನು ಎಂದೂ ಕಂಡಿರಲಿಲ್ಲ. ತುಟಿ ಒಮ್ಮೆ ಅಲುಗಿತು. ನನ್ನ ಬೆನ್ನ ಹಿಂದೆ ಯಾರೋ ‘ಅವ್ವಾ’ ಎಂದು ಅಳುತ್ತಿದ್ದರು... ನಾನು ತಿರುಗಿ ನೋಡಲಿಲ್ಲ. ನನ್ನ ಕೈ ಆಗಲೂ ಅತ್ತೆಯ ಬಾಯಿಯ ಮೇಲೇ ಇತ್ತು.