ಮಲ್ಲಿಗೆಗೆ ಕದ್ದು ನೀರು ಹಾಕಿದವಳು

ಹಸಿ ಕಡ್ಡಿ ಕತ್ತರಿಸಿದಾಗ ಏಳುವ ಒಗರು ವಾಸನೆ ನಿಮಗೂ ಗೊತ್ತಿರಬೇಕು. ಇವತ್ತು ಬೆಳಿಗ್ಗೆ ಹಿತ್ತಲಲ್ಲಿ ಮಲ್ಲಿಗೆ ಸವರುತ್ತಿದ್ದೆ. ಆ ವಾಸನೆ ಮೂಗಿಗೆ ಬಡಿದದ್ದೇ, ಮೂವತ್ತು ವರ್ಷದಿಂದ ನುಂಗಿಕೊಂಡಿದ್ದ ಮಾತು ಗಂಟಲಿಗೆ ಬಂತು.

ಹರಪನಹಳ್ಳಿಯ ನನ್ನ ತವರಿನಲ್ಲಿ ಗಿಡವೆಂದರೆ ತುಳಸಿಯೊಂದೇ. ಅದಕ್ಕೂ ನೀರು ಹಾಕುತ್ತಿದ್ದವಳು ಅವ್ವ. ಹಡಗಲಿಗೆ ಸೊಸೆಯಾಗಿ ಬಂದು ನೋಡಿದರೆ, ಚಳಿಗಾಲದಲ್ಲಿ ಇಲ್ಲಿ ಮಲ್ಲಿಗೆಗೆ ಉಪವಾಸ! ನಮ್ಮ ಕಡೆಯ ಚಳಿಯಾದರೂ ಎಷ್ಟು? ಬೆಳಿಗ್ಗೆ ಹೊದ್ದ ಶಾಲು ಹತ್ತು ಗಂಟೆಗೆ ಗೂಟ ಸೇರುತ್ತದೆ. ಅಷ್ಟಕ್ಕೆ ಗಿಡ ತಾನಾಗಿ ಮಲಗುವುದಿಲ್ಲ, ನಾವೇ ಮಲಗಿಸಬೇಕು. ನೀರು ನಿಲ್ಲಿಸಿ, ಎಲೆ ಬಾಡಿದ ಮೇಲೆ ಸವರಿ, ಬುಡ ಬಿಡಿಸಿ ಗೊಬ್ಬರ ಕೊಟ್ಟು, ಆಮೇಲೆ ನೀರು. ಹಾಗೆ ಮಾಡಿದರೇ ಬೇಸಿಗೆಗೆ ಹೂವು. "ಗಿಡ ಮಲಗೈತಿ, ಎಬ್ಬಸಬ್ಯಾಡ" ಎಂದು ಅತ್ತೆ ಹೇಳಿಯೇ ಇದ್ದರು.

ಆ ಚಳಿಗಾಲ ಕಳೆದು ಬರುವ ಬೇಸಿಗೆಯಲ್ಲಿ ನಾದಿನಿಯ ಮದುವೆ. ಮಗಳ ಜಡೆಗೆ ಹಿತ್ತಲ ಹೂವೇ ಆಗಬೇಕೆಂಬುದು ಅತ್ತೆಯ ಹಟ. ನಾನೋ ಮಹಾ ಕರುಣಾಮಯಿ. ಬಾಡಿದ ಎಲೆ ನೋಡಲಾರದೆ, ಅತ್ತೆ ಸಂತೆಗೆ ಹೋದಾಗಲೆಲ್ಲ ಎರಡೆರಡು ಕೊಡ ಸುರಿದೆ. ಗಿಡ ಸೊಪ್ಪಿನ ಮಡಿಯಂತೆ ಕೊಬ್ಬಿತು. ಮದುವೆಯ ವಾರ ಎಲೆ ಸರಿಸಿ ಹುಡುಕಿದರೆ ಸಿಕ್ಕಿದ್ದು ಒಂದು ಬೊಗಸೆ ಮೊಗ್ಗು. ಜಡೆಗೆ ಪೇಟೆಯ ಹೂವೇ ಬಂತು.

ನೀರು ಹಾಕಿದವರು ಯಾರೆಂದು ಅತ್ತೆ ಕೇಳಿದಾಗ ನಾನು ನೆಲ ನೋಡಿದೆ. ಕೊಡ ಹಿಡಿದ ನನ್ನನ್ನು ಒಮ್ಮೆ ಕಂಡಿದ್ದವರು ಮಾವ ಒಬ್ಬರೇ.

"ದಿನಾ ಮುಖ ತೊಳದ ನೀರು ಅಲ್ಲೇ ಚೆಲ್ಲೀನಿ. ನಂದೇ ತಪ್ಪು" ಎಂದುಬಿಟ್ಟರು.

ಅತ್ತೆ ಅವರೊಂದಿಗೆ ಮಾತು ಬಿಟ್ಟರು. ನಾನು ಬಾಯಿ ಬಿಡಲಿಲ್ಲ. ನಾಳೆ ಹೇಳಿದರಾಯಿತು ಎನ್ನುತ್ತಲೇ ವರ್ಷಗಳು ಸರಿದು, ಮಾವ ತೀರಿಕೊಂಡರು.

ಇವತ್ತು ಬೆಳಿಗ್ಗೆ ಅತ್ತೆ ಗಿಡದ ಪಕ್ಕ ಕುರ್ಚಿ ಹಾಕಿಸಿಕೊಂಡು, ಎಲ್ಲಿ ಕತ್ತರಿಸಬೇಕೆಂದು ಕೋಲಿನಿಂದ ತೋರಿಸುತ್ತಿದ್ದರು. ಕತ್ತರಿ ಕೆಳಗಿಟ್ಟು ಎಲ್ಲ ಹೇಳಿದೆ. ಅತ್ತೆ ಕೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡರು.

"ಆ ಬ್ಯಾಸಗಿ ಪೂರ್ತಿ ನಾನು ಅವರಿಗೆ ಒಂದು ಮಿರ್ಚಿ ಕರಿದು ಕೊಡ್ಲಿಲ್ಲಲೇ. ಕೇಳಿ ಕೇಳಿ ಸುಮ್ಮನಾದ್ರು." ಸೆರಗಿನಿಂದ ಕಣ್ಣೊರೆಸಿಕೊಂಡರು. "ಸಂಜಿಗೆ ಮಾಡು. ಮೊದಲು ಅವರ ಫೋಟೋದ ಮುಂದ ಇಡು."

ಸಂಜೆ ಮಿರ್ಚಿ ಬಜ್ಜಿ ಮಾಡಿದೆ. ಮೊದಲ ತಟ್ಟೆ ಫೋಟೋದ ಮುಂದೆ ಹೋಯಿತು. ಉಳಿದದ್ದನ್ನು ಅತ್ತೆಯೇ ಮಂಡಕ್ಕಿಯ ಜೊತೆ ಎಲ್ಲರಿಗೂ ಹಂಚಿದರು, ಪಕ್ಕದ ಮನೆಗೂ ಕಳಿಸಿದರು. ನನ್ನ ತಟ್ಟೆಗೆ ಮಾತ್ರ ಬರೀ ಮಂಡಕ್ಕಿ.

"ನಿನಗ ಬ್ಯಾಸಗಿ ಮುಗಿಯೋತನಕ ಮಿರ್ಚಿ ಇಲ್ಲ" ಎಂದರು.

ಅಷ್ಟು ರುಚಿಯ ಮಂಡಕ್ಕಿಯನ್ನು ನಾನು ಈವರೆಗೆ ತಿಂದಿರಲಿಲ್ಲ.