ಬೋರ್ಡ್ ಮುನೀರಣ್ಣನ ಗಂಗೋತ್ರಿ

ಮುನೀರಣ್ಣ ಮೆಟ್ಟಿಲು ಇಳಿಯುವುದನ್ನು ಮೊದಲ ಸಲ ನೋಡಿದವರು ನಗದೆ ಇರುತ್ತಿರಲಿಲ್ಲ. ಮುಖವನ್ನು ಮೆಟ್ಟಿಲ ಕಡೆಗೇ ತಿರುಗಿಸಿಕೊಂಡು, ಏಣಿಯಿಂದ ಇಳಿಯುವ ಹಾಗೆ ಹಿಂದುಹಿಂದಕ್ಕೆ ಇಳಿಯುತ್ತಿದ್ದರು. ಬ್ಯಾಂಕಿನ ಮೆಟ್ಟಿಲಾದರೂ ಅಷ್ಟೆ, ಮದುವೆ ಛತ್ರದ ಮೆಟ್ಟಿಲಾದರೂ ಅಷ್ಟೆ. ಕೆಳಗಿನಿಂದ ಹತ್ತಿ ಬರುವವರು ದಾರಿ ಬಿಟ್ಟು ನಿಲ್ಲಬೇಕಾಗುತ್ತಿತ್ತು. ಏಣಿಯ ಅಭ್ಯಾಸ ಇರಬೇಕು ಎಂದು ನಾನೂ ಅಂದುಕೊಂಡಿದ್ದೆ. ಒಮ್ಮೆ ಕೇಳಿಯೇಬಿಟ್ಟೆ.

"ಹತ್ತೋದು ಯಾರ್ ಬೇಕಾದ್ರೂ ಹತ್ತಾರೆ ಪ್ರಕಾಶ. ಹತ್ತುವಾಗ ಕಣ್ಣು ಮುಂದೆ ಹೋಗತ್ತೆ, ಕಾಲು ಹಿಂದೆ ಬರತ್ತೆ. ಇಳಿಯುವಾಗ ಕಾಲು ಮೊದ್ಲು ಹೋಗಿರತ್ತೆ, ಕಣ್ಣು ಆಮೇಲೆ. ಜನ ಸಾಯೋದು ಅಲ್ಲೇ," ಅಂದರು. ತಮಾಷೆಯ ಮಾತಲ್ಲ ಅನ್ನುವುದು ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಮುನೀರಣ್ಣ ತುಮಕೂರಿನಲ್ಲಿ ಬೋರ್ಡ್ ಬರೆಯುತ್ತಿದ್ದರು. ತೊಂಬತ್ತರ ದಶಕದಲ್ಲಿ ನಮ್ಮೂರಿನ ಬೇಕರಿ, ಬಟ್ಟೆ ಅಂಗಡಿ, ಗಿರಣಿ ಯಾವುದರ ಹೆಸರು ಓದಿದರೂ ಅದು ಅವರ ಕೈಯಕ್ಷರವೇ. ಮನೆಯಲ್ಲಿ ಉರ್ದು ಮಾತು, ಆದರೆ ಕನ್ನಡದ ಒತ್ತಕ್ಷರಗಳನ್ನು ಅಷ್ಟು ದುಂಡಗೆ ಬರೆಯುವವರನ್ನು ನಾನು ಬೇರೆ ಕಂಡಿಲ್ಲ. ಮರಳೂರಿನಲ್ಲಿ ನನ್ನ ಎಸ್‌ಟಿಡಿ ಬೂತಿನ ಹಳದಿ ಬೋರ್ಡ್ ಬರೆಯಲು ಬಂದವರು, ಮುಗಿದ ಮೇಲೂ ಬರುತ್ತಲೇ ಇದ್ದರು. ಅವರ ಮನೆಯಲ್ಲಿ ಫೋನ್ ಇರಲಿಲ್ಲ. ಯಾರಾದರೂ ಅವರಿಗೆ ಫೋನ್ ಮಾಡಿದರೆ ನಾನು ಹಿಂದಿನ ಬೀದಿಗೆ ಹೋಗಿ ಕರೆಯುತ್ತಿದ್ದೆ. ಅವರ ಹೆಂಡತಿ ಜಬೀನಾ ಭಾಬಿ ಸೆರಗು ಸರಿಮಾಡಿಕೊಳ್ಳುತ್ತ ಓಡಿ ಬರುತ್ತಿದ್ದರು.

ಬೋರ್ಡ್ ಬಿಟ್ಟರೆ ಅವರಿಗಿದ್ದ ಹುಚ್ಚು ಸೈಕಲ್ಲು ಮತ್ತು ಬೆಟ್ಟ. ಭಾನುವಾರ ಬಂದರೆ ಕ್ಯಾರಿಯರ್‌ಗೆ ನೈಲಾನ್ ಹಗ್ಗ ಕಟ್ಟಿಕೊಂಡು ಹೊರಟರು ಅಂತಲೇ. ದೇವರಾಯನದುರ್ಗ, ಮಧುಗಿರಿ, ಸಿದ್ಧರಬೆಟ್ಟ, ಎಲ್ಲ ಕಡೆಗೂ ತುಳಿದುಕೊಂಡೇ ಹೋಗಿ, ಹತ್ತಿ, ಇಳಿದು, ತುಳಿದುಕೊಂಡೇ ಬರುತ್ತಿದ್ದರು. ಜೊತೆಗಾರ ಶಿವಲಿಂಗ. ಗುಬ್ಬಿ ಹತ್ತಿರ, ಬಿದರೆಹಳ್ಳಿ ಕಾವಲಿನ ಅಂಚಿನಲ್ಲಿ ಅವನ ಮನೆಯವರ ತೆಂಗಿನ ತೋಟ. ಉದ್ದನೆಯ ಆಳು, ಮುನೀರಣ್ಣನಿಗಿಂತ ಹತ್ತು ವರ್ಷಕ್ಕಾದರೂ ಚಿಕ್ಕವನು. ಎಳನೀರು ಕೀಳಲು ಮರ ಹತ್ತಿ ಹತ್ತಿ, ಎತ್ತರ ಅಂದರೆ ಅವನಿಗೆ ಲೆಕ್ಕವೇ ಇರಲಿಲ್ಲ.

ಒಮ್ಮೆ ನಾನೂ ಅವರ ಜೊತೆ ಹೋದೆ. ಕುಣಿಗಲ್ ದಾಟಿ ಹುಲಿಯೂರುದುರ್ಗದ ಬೆಟ್ಟ. ದೂರದಿಂದ ಅದು ಮಡಕೆ ಬೋರಲು ಹಾಕಿದ ಹಾಗೆ ಕಾಣುತ್ತದೆ. ಅರ್ಧ ಹತ್ತಿದ್ದೆವು, ಬೋಳು ಬಂಡೆಯ ಮೇಲಿದ್ದೆವು. ಎಲ್ಲಿಂದಲೋ ಗುಂಯ್ ಅನ್ನುವ ಸದ್ದು ಶುರುವಾಯಿತು. ಹೆಜ್ಜೇನು.

"ಕೂತ್ಕೊಳ್ಳಿ. ಅಲ್ಲಾಡ್ಬೇಡಿ," ಅಂದರು ಮುನೀರಣ್ಣ. ಹೆಗಲ ಮೇಲಿದ್ದ ಹೊದಿಕೆಯನ್ನು ನನ್ನ ಮೇಲೆ ಎಳೆದು ತಾವು ಪಕ್ಕದಲ್ಲಿ ಹಾಗೇ ಕುಳಿತರು. ಹೊದಿಕೆಯ ಸಂದಿಯಿಂದ ನೋಡಿದೆ. ಅವರ ಕತ್ತಿನ ಮೇಲೆ ಹುಳಗಳು ಹರಿದಾಡುತ್ತಿದ್ದವು. ಅವರು ಕಣ್ಣು ಮುಚ್ಚಿಕೊಂಡು, ತುಟಿ ಮಾತ್ರ ಅಲುಗಿಸುತ್ತ, ಏನೋ ಹೇಳಿಕೊಳ್ಳುತ್ತಿದ್ದರು. ಶಿವಲಿಂಗ ಕೂರಲಿಲ್ಲ. ನಗುತ್ತ ಮೇಲಕ್ಕೇ ಓಡಿದ. ಹುಳದ ಕೈಗೆ ಸಿಗದಷ್ಟು ಜೋರಾಗಿ, ಹಗ್ಗವೂ ಇಲ್ಲದೆ, ನೆಟ್ಟಗಿನ ಬಂಡೆಯನ್ನು ಹತ್ತಿಬಿಟ್ಟ.

ಹುಳ ಚದುರಿದ ಮೇಲೆ ಮೇಲಿನಿಂದ ಅವನ ದನಿ ಬಂತು. ಆ ದನಿಯಲ್ಲಿ ನಗು ಇರಲಿಲ್ಲ.

"ಮುನೀರಣ್ಣ, ಕೆಳಗೆ ಕಾಲು ಸಿಗ್ತಿಲ್ಲ ಕಣಣ್ಣ."

ಕತ್ತು ಊದಿ, ಒಂದು ಕಣ್ಣು ಮುಚ್ಚಿಹೋಗಿದ್ದ ಮುನೀರಣ್ಣ ಅವನ ಬಳಿಗೆ ಹತ್ತಿದರು. ಅವನ ಒಂದೊಂದು ಪಾದವನ್ನೂ ತಮ್ಮ ಕೈಯಲ್ಲಿ ಹಿಡಿದು, ಬಂಡೆಯ ಬಿರುಕಿಗೆ ಕೂರಿಸಿ, "ಈಗ ಭಾರ ಹಾಕು... ಈಗ ಇನ್ನೊಂದು," ಎನ್ನುತ್ತ ಮಗುವನ್ನು ಇಳಿಸುವ ಹಾಗೆ ಇಳಿಸಿಕೊಂಡು ಬಂದರು. ಕೆಳಗೆ ಬಂದ ಮೇಲೆ ಬೈಯಲಿಲ್ಲ. "ಯಾವತ್ತೂ ನಾನೇ ಕೆಳಗಿರ್ತೀನಿ ಅಂದ್ಕೋಬೇಡ ಕಣ್ಲಾ," ಅಂದರು ಅಷ್ಟೆ. ಶಿವಲಿಂಗ ಹಲ್ಲು ಕಿರಿದ. ನನಗೆ ಆ ಮಾತು ಹಿಡಿಸಲಿಲ್ಲ.

ಗಂಗೋತ್ರಿಯ ಆಸೆ ಇಬ್ಬರಲ್ಲಿ ಯಾರಿಗೆ ಮೊದಲು ಹುಟ್ಟಿತೋ ಗೊತ್ತಿಲ್ಲ. ತುಮಕೂರಿನಿಂದ ಸೈಕಲ್ಲಿನಲ್ಲಿ ಹಿಮಾಲಯದವರೆಗೆ ಹೋಗುವುದು, ಗಂಗೋತ್ರಿಯ ಮೇಲಿನ ಒಂದು ಹಿಮದ ಬೆಟ್ಟ ಹತ್ತುವುದು, ಸೈಕಲ್ಲಿನಲ್ಲೇ ವಾಪಸ್ ಬರುವುದು. ಜಬೀನಾ ಭಾಬಿ ಹೊರಡುವ ದಿನ ಬಾಗಿಲಿಗೆ ಬರಲೇ ಇಲ್ಲ. ಶಿವಲಿಂಗನ ತಾಯಿ ಗುಬ್ಬಿಯಿಂದ ಬಂದಿದ್ದರು. ಮಗನಿಗೆ ಹಣೆಗೆ ವಿಭೂತಿ ಹಚ್ಚಿ, ಮುನೀರಣ್ಣನ ಕೈ ಹಿಡಿದುಕೊಂಡು, "ನಿನ್ ಜೊತೆ ಅಂತ ಕಳಿಸ್ತಿವ್ನಿ ಕಣಪ್ಪ," ಅಂದರು. ಮುನೀರಣ್ಣ ತಲೆಯಾಡಿಸಿದರು.

ದಾರಿಯುದ್ದಕ್ಕೂ ನನ್ನ ಬೂತಿಗೆ ಫೋನ್ ಬರುತ್ತಿತ್ತು. ಸೋಲಾಪುರದಿಂದ ಬಂದಾಗ ಶಿವಲಿಂಗನ ನಗು ಕೇಳಿಸಿತು. ಆಗ್ರಾದಿಂದ ಬಂದಾಗ ಇಬ್ಬರಿಗೂ ಹೊಟ್ಟೆ ಕೆಟ್ಟಿತ್ತು. ಉತ್ತರಕಾಶಿಯಿಂದ ಮಾತಾಡಿದ ಮುನೀರಣ್ಣ, "ಬೆಟ್ಟ ನೋಡಿದ್ರೆ ನಂಗ್ಯಾಕೋ ಸರಿ ಕಾಣ್ತಿಲ್ಲ. ಇವ್ನು ಕೇಳಲ್ಲ," ಅಂದರು. ಆಮೇಲೆ ಫೋನ್ ನಿಂತುಹೋಯಿತು. ಭಾಬಿ ದಿನಾ ಬಂದು ಬೂತಿನ ಎದುರು ನಿಂತು, ಏನೂ ಕೇಳದೆ ಹೋಗುತ್ತಿದ್ದರು. ನಾನೂ ತಲೆ ಎತ್ತುತ್ತಿರಲಿಲ್ಲ.

ಕೊನೆಗೊಂದು ಬೆಳಿಗ್ಗೆ ಫೋನ್ ಬಂತು. ಮುನೀರಣ್ಣನ ದನಿ ಹೌದೋ ಅಲ್ಲವೋ ಅನ್ನುವ ಹಾಗಿತ್ತು.

"ಪ್ರಕಾಶ, ನಾನು ಇಳ್ದಿದೀನಿ. ಶಿವಲಿಂಗ ಇಳ್ದಿಲ್ಲ. ಊರಲ್ಲಿ ಹೇಳ್ಬೇಡ. ನಾನೇ ಬಂದು ಹೇಳ್ತೀನಿ."

ರೈಲಿನಲ್ಲಿ ಬಂದರು, ಎರಡೂ ಸೈಕಲ್ ಜೊತೆ. ಬೆರಳುಗಳ ತುದಿ ಕಪ್ಪಾಗಿತ್ತು. ಬೂತಿನ ಒಳಗೆ ಕೂತು ಎಲ್ಲ ಹೇಳಿದರು. ಮೇಲೆ ಮೋಡ ಕವಿದಿದ್ದನ್ನು ನೋಡಿ ಇವರು ವಾಪಸ್ ಹೋಗೋಣ ಅಂದಿದ್ದಾರೆ. ತುದಿ ಕಾಣುತ್ತಿದೆ, ಮುಟ್ಟಿ ಬಂದುಬಿಡುತ್ತೇನೆ ಎಂದು ಅವನು ಹೊರಟಿದ್ದಾನೆ. ಇವರು ಹೊಳೆಯ ಪಕ್ಕದ ದೊಡ್ಡ ಬಂಡೆಯ ಮರೆಯಲ್ಲಿ ಕಾದರು. ಹಿಮ ಬೀಳುವುದು ನಿಲ್ಲಲೇ ಇಲ್ಲ. ಆಮೇಲೆ ಕುರಿ ಕಾಯುವವರನ್ನು ಕರೆದುಕೊಂಡು ಹೋಗಿ ಹುಡುಕಿದರು. ಹೆಜ್ಜೆ ಗುರುತೂ ಸಿಗಲಿಲ್ಲ.

"ಗುಬ್ಬಿಗೆ ಒಬ್ನೇ ಹೋಗಕ್ಕೆ ಆಗಲ್ಲ. ನೀನು ಅವ್ನ ಸೈಕಲ್ ತಗೋ," ಅಂದರು.

ಶಿವಲಿಂಗನ ಸೀಟು ನನಗೆ ಎತ್ತರ. ಪೆಡಲ್ ಪೂರ್ತಿ ಕೆಳಗೆ ಹೋದಾಗ ಕಾಲು ಎಟುಕುತ್ತಿರಲಿಲ್ಲ. ಸೀಟು ಇಳಿಸಿಕೊಳ್ಳಬಹುದಿತ್ತು, ಇಬ್ಬರಿಗೂ ಮನಸ್ಸು ಬರಲಿಲ್ಲ. ಗುಬ್ಬಿ ರಸ್ತೆಯಲ್ಲಿ ಗುರುತಿನವರು ಆ ಸೈಕಲ್ ನೋಡಿ ಕೈಯೆತ್ತಿ, ಮೇಲೆ ಕೂತವನು ನಾನು ಎಂದು ಕಂಡು ಕೈ ಇಳಿಸುತ್ತಿದ್ದರು.

ತೋಟದ ಮನೆಯ ಅಂಗಳದಲ್ಲಿ ಅವನ ತಾಯಿ ಕಾಯಿ ಸುಲಿಸುತ್ತಿದ್ದರು. ಪಕ್ಕದಲ್ಲಿ ಕಿರಿಯ ಮಗ ಗಿರೀಶ, ಆಗಿನ್ನೂ ಸ್ಕೂಲ್ ಯೂನಿಫಾರ್ಮಿನಲ್ಲಿದ್ದ. ಮುನೀರಣ್ಣ ನೆಲದ ಮೇಲೆ ಕೂತು ಹೇಳಿದರು. ಆ ತಾಯಿ ಅಳಲಿಲ್ಲ.

"ಕಣ್ಣಲ್ಲಿ ನೋಡಿದ್ಯೇನಪ್ಪಾ? ನೋಡ್ದೆ ಇದ್ರೆ ಸತ್ತವ್ನೆ ಅಂತ ಹೆಂಗ್ ಹೇಳೀಯೆ? ನಾ ಏನಂತ ಕಾಯ್ಲಿ?"

ಮುನೀರಣ್ಣ ನನ್ನ ಕಡೆ ತಿರುಗಲಿಲ್ಲ. "ನೋಡ್ದೆ ಅವ್ವ. ನಾನೇ ಮಣ್ಣು ಮಾಡ್ದೆ. ಹೊಳೆ ಪಕ್ಕ, ದೊಡ್ಡ ಬಂಡೆ ಹತ್ರ," ಅಂದರು.

ಆಗ ಆಕೆ ಅತ್ತರು. ಮರುದಿನದಿಂದ ಮಾಡಬೇಕಾದ ಕಾರ್ಯಗಳೆಲ್ಲ ಆದವು. ಶಿವಲಿಂಗನ ಸೈಕಲ್ಲನ್ನು ಅಲ್ಲೇ ಬಿಟ್ಟು, ಹಿಂದಕ್ಕೆ ಬರುವಾಗ ಒಂದೇ ಸೈಕಲ್ಲಿನಲ್ಲಿ ಇಬ್ಬರೂ ಬಂದೆವು. ಮುನೀರಣ್ಣ ಹಿಂದೆ ಕ್ಯಾರಿಯರ್ ಮೇಲೆ ಕೂತಿದ್ದರು.

ಊರಿನವರು ಮಾತ್ರ ಬಿಡಲಿಲ್ಲ. ಜೊತೆಗೆ ಹೋದವನು ಬಿಟ್ಟು ಇಳಿದ ಅಂದರು. ಗುಬ್ಬಿಯ ಕೆಲವು ಅಂಗಡಿಯವರು ಅವರನ್ನು ಕರೆಯುವುದನ್ನೇ ನಿಲ್ಲಿಸಿದರು. ಆಮೇಲೆ ಫ್ಲೆಕ್ಸ್ ಬಂದು ಎಲ್ಲರೂ ನಿಲ್ಲಿಸಿದರು. ಮುನೀರಣ್ಣ ಸಂಸಾರ ಸಮೇತ ಕುಣಿಗಲ್ಲಿಗೆ, ಭಾಬಿಯ ತವರಿಗೆ ಹೋಗಿ, ಲಾರಿಗಳ ಹಿಂದೆ ಅಕ್ಷರ ಬರೆಯತೊಡಗಿದರು. ನನ್ನ ಬೂತಿಗೂ ಜನ ಕಡಿಮೆಯಾಗಿ, ನಾನು ಜೆರಾಕ್ಸ್ ಮಿಷನ್ ಹಾಕಿಕೊಂಡೆ.

ವರ್ಷಗಳಾದ ಮೇಲೆ ಗಿರೀಶ ನನ್ನ ಅಂಗಡಿಗೆ ಬಂದ. ಅಣ್ಣನಷ್ಟೇ ಎತ್ತರ ಬೆಳೆದಿದ್ದ. "ಅವ್ವಂಗೆ ವಯಸ್ಸಾಯ್ತು. ಅಣ್ಣನ ಸಮಾಧಿ ಮಣ್ಣು ಒಂದ್ ಹಿಡಿ ತಂದ್ಕೊಡ್ಬೇಕಂತೆ. ಅಣ್ಣನ ಸೈಕಲ್ಲಲ್ಲೇ ಹೋಗ್ತೀನಿ," ಅಂದ. ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಆವತ್ತೇ ಬಸ್ಸು ಹತ್ತಿ ಕುಣಿಗಲ್ಲಿಗೆ ಹೋದೆ.

ನಾನು ಹೋಗುವಷ್ಟರಲ್ಲಿ ಮುನೀರಣ್ಣನಿಗೆ ಗಿರೀಶನಿಂದಲೇ ವಿಷಯ ಗೊತ್ತಾಗಿತ್ತು. ಮನೆ ಮುಂದೆ ಹಳೆಯ ಸೈಕಲ್ಲನ್ನು ಬೋರಲು ಹಾಕಿಕೊಂಡು ಚೈನಿಗೆ ಎಣ್ಣೆ ಬಿಡುತ್ತಿದ್ದರು. ಗಡ್ಡ ಪೂರ್ತಿ ಬೆಳ್ಳಗಾಗಿತ್ತು.

"ನಿಜ ಹೇಳ್ಬಿಡಿ ಮುನೀರಣ್ಣ. ಹುಡುಗ ಅರ್ಥ ಮಾಡ್ಕೋತಾನೆ."

"ಅವ್ನು ಮಾಡ್ಕೋತಾನೆ. ಅವ್ವ?" ಅಂದರು. ಪೆಡಲ್ ಒಮ್ಮೆ ತಿರುಗಿಸಿ, ಚಕ್ರ ನಿಲ್ಲುವವರೆಗೂ ಅದನ್ನೇ ನೋಡುತ್ತಿದ್ದರು. "ಒಬ್ನೇ ಹೋದ್ರೆ ಇವ್ನೂ ವಾಪಸ್ ಬರಲ್ಲ ಪ್ರಕಾಶ. ಇವ್ನಿಗೂ ಮೇಲೆ ಹೋಗೋದೊಂದೇ ಗೊತ್ತಿರೋದು."

ಭಾಬಿ ಚಹಾ ತಂದುಕೊಟ್ಟು ನನ್ನ ಮುಖ ನೋಡಿದರು. ತಡೆಯುತ್ತೀರಾ ಎಂದು ಕೇಳಿದ ಹಾಗಿತ್ತು. ನನ್ನಿಂದಾಗಲಿಲ್ಲ. ಬಸ್ ಸ್ಟ್ಯಾಂಡಿನವರೆಗೂ ಮುನೀರಣ್ಣ ಬಂದರು. ಬಸ್ಸು ಹೊರಟಾಗ ಕೈಯೆತ್ತಲಿಲ್ಲ, ಸುಮ್ಮನೆ ನಿಂತಿದ್ದರು. ನಾನು ಅವರನ್ನು ನೋಡಿದ್ದು ಅದೇ ಕೊನೆ.

ಇಬ್ಬರೂ ಒಟ್ಟಿಗೆ ಹೊರಟಿದ್ದರು. ಗಿರೀಶ ಒಬ್ಬನೇ ವಾಪಸ್ ಬಂದ. ಮೊದಲು ಕುಣಿಗಲ್ಲಿಗೆ ಹೋಗಿ ಭಾಬಿಯ ಕಾಲಿಗೆ ಬಿದ್ದು, ಆಮೇಲೆ ನನ್ನ ಹತ್ತಿರ ಬಂದು ಕೂತ. ನೀರು ಕೊಟ್ಟೆ. ಕುಡಿಯಲಿಲ್ಲ.

ಗಂಗೋತ್ರಿ ದಾಟಿ ಡೇರೆ ಹಾಕಿದ್ದ ಕಡೆ ಮುನೀರಣ್ಣ ಅವನನ್ನು ನಿಲ್ಲಿಸಿ, "ಹಿಮ ಎಷ್ಟಿದೆ ನೋಡ್ಬರ್ತೀನಿ. ನೀನು ನಾಳೆ ಹೊಳೆ ಪಕ್ಕಾನೇ ಹಿಡ್ಕೊಂಡ್ ಬಾ," ಎಂದು ಹೇಳಿ ಮುಂದೆ ಹೋದರಂತೆ. ಮರುದಿನ ಇವನು ಹೋದಾಗ ದೊಡ್ಡ ಬಂಡೆಯ ಬುಡದಲ್ಲಿ ಕಲ್ಲುಗಳನ್ನು ಆಳುದ್ದ ಪೇರಿಸಿ ಸಮಾಧಿ ಕಟ್ಟಿತ್ತು. ಬಂಡೆಯ ಮೇಲೆ ಹಳದಿ ಬಣ್ಣದಲ್ಲಿ ಅಣ್ಣನ ಹೆಸರು, ಕೆಳಗೆ ಗುಬ್ಬಿ ಅಂತ ಊರ ಹೆಸರು.

"ಕೈ ಮುಗ್ದು ಹೆಸ್ರು ಮುಟ್ಟಿದೆ ಅಣ್ಣಾ. ಬೆರಳಿಗೆ ಬಣ್ಣ ಅಂಟ್ಕೊಳ್ತು. ಇನ್ನೂ ಒಣಗಿರಲಿಲ್ಲ."

ಹೆಬ್ಬೆರಳಿನಿಂದ ಬೆರಳ ತುದಿ ಉಜ್ಜಿಕೊಂಡ.

"ಆಗ್ಲೇ ಗೊತ್ತಾಯ್ತು ನಂಗೆ. ಕೂಗ್ದೆ. ಹೆಜ್ಜೆ ಎಲ್ಲ ಮೇಲಕ್ಕೆ ಹೋಗಿತ್ತು. ಅಣ್ಣನ್ನ ಹುಡುಕಕ್ಕೆ ಹೋಗವ್ರೆ. ಹಿಂದೇನೇ ಹೋದೆ. ಒಂದ್ ಕಡೆ ಹಿಮ ಬಾಯಿ ಬಿಟ್ಟಿತ್ತು. ಅಲ್ಲಿಗೆ ಹೆಜ್ಜೆ ಮುಗ್ದಿತ್ತು. ಎಷ್ಟು ಹೊತ್ತು ಕೂಗಿದ್ನೋ. ಅವರು ಇದ್ದಿದ್ರೆ ಇಳಿ ಅಂತಿದ್ರು ಅಂತ ಇಳ್ದೆ."

"ಅವ್ವಂಗೆ?" ಅಂದೆ.

"ಮಣ್ಣು ಕೊಟ್ಟೆ. ಸಮಾಧಿ ಚೆನ್ನಾಗೈತೆ ಅಂದೆ."

ಹೊರಗೆ ಯಾರೋ ಜೆರಾಕ್ಸ್ ಮಾಡಿಸಲು ಬಂದು ನಿಂತರು. ನಾನು ಏಳಲಿಲ್ಲ. ಗಿರೀಶ ತನ್ನ ಕೈಯನ್ನೇ ನೋಡಿಕೊಳ್ಳುತ್ತ, "ಪಕ್ಕದಲ್ಲಿ ಅವ್ರ ಹೆಸ್ರೂ ಬರೀಬೇಕು ಅಂತ ವಾಪಸ್ ಅಲ್ಲಿಗೇ ಬಂದೆ ಅಣ್ಣಾ. ಬಣ್ಣದ ಡಬ್ಬ ಹುಡುಕ್ದೆ. ಅವ್ರ ಹತ್ರಾನೇ ಉಳ್ಕೊಂಡಿತ್ತು," ಅಂದ.